ಅಜ್ಜಿ ಮನೆ ಎಷ್ಟು ದೂರ? ಮುರಿದ ಚೀಟಿಯ ಒಂದು ಪ್ರಕರಣ

ಮೆಸ್ಸು ನಡೆಸುತ್ತಿದ್ದ, ತಾವು ಹಾಕಿದ ಚೀಟಿ ಮುರಿದು ಬಿದ್ದು ಮತ್ತೆ ಎದ್ದ ಒಬ್ಬ ಹೆಂಗಸಿನ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮುಗಿಸಿದ ಮೇಲೆ ಅವರಿಗೆ ಓದಿಯೂ ಹೇಳಿದೆ. ಒಂದು ಕಡೆ ತಡೆದು, "ಇಷ್ಟು ಒಳ್ಳೆಯವಳ ಹಾಗೆ ಬರೀಬೇಡಿ" ಅಂದರು. ಅಲ್ಲಿ ತಿದ್ದಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹೆಸರು ಯಾರದ್ದೂ ಇಲ್ಲ. ಮೆಸ್ಸಿನ ಹುಡುಗರು ಕರೆಯುತ್ತಿದ್ದ ಹಾಗೆ ನಾನೂ ‘ಅಕ್ಕ’ ಅಂತಲೇ ಕರೆಯುತ್ತೇನೆ.

ನಾನು ದಾವಣಗೆರೆಯ ಒಂದು ಕಥೋಲಿಕ ಧರ್ಮಕೇಂದ್ರದಿಂದ, ಅಂದರೆ ಚರ್ಚಿನಿಂದ, ಮನೆ ಭೇಟಿಗೆ ಹೋಗುವ ಗುಂಪಿನಲ್ಲಿದ್ದೇನೆ. ಇಬ್ಬಿಬ್ಬರಾಗಿ ಹೋಗುತ್ತೇವೆ. ಯೇಸುಸ್ವಾಮಿ ಶಿಷ್ಯರನ್ನು ಹಾಗೆ ಕಳಿಸಿದರು ಅಂತ ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ. ಕಾರಣ ಅದೊಂದೇ ಅಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮನೆ ನೋಡಬಹುದು. ಒಲೆ ಹೊತ್ತಿದೆಯಾ, ಮಕ್ಕಳು ಉಂಡಿದ್ದಾರಾ, ಅಂಥದ್ದು. ನನ್ನ ಜೋಡಿ ಒಬ್ಬ ನಿವೃತ್ತ ಶಿಕ್ಷಕಿ, ಎಲ್ಲರಿಗೂ ಟೀಚರಮ್ಮ. ಈ ಪ್ರಕರಣದಲ್ಲಿ ನಮ್ಮ ಕಡೆಯಿಂದ ಸರಿಯಾಗಿ ನಡೆದದ್ದೆಲ್ಲ ಬಹುಪಾಲು ಅವರದು. ತಪ್ಪಿದ್ದರಲ್ಲಿ ನನ್ನ ಪಾಲು ಜಾಸ್ತಿ.

ಮೆಸ್ಸು ಮತ್ತು ಚೀಟಿ

ಅಕ್ಕನ ತಂದೆ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ ಅದು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಅಮ್ಮ ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ಸಂಸಾರ ತೂಗಿಸಿದರು. ಅಕ್ಕ ಅಡುಗೆ ಕಲಿತದ್ದು ಅವರ ಸೆರಗು ಹಿಡಿದುಕೊಂಡೇ. ಆಮೇಲೆ ಊರಿನ ಬದುಕು ಗಿರಣಿಯಿಂದ ಕಾಲೇಜುಗಳ ಕಡೆ ತಿರುಗಿತು. ಮೆಡಿಕಲ್, ಎಂಜಿನಿಯರಿಂಗ್, ನರ್ಸಿಂಗ್ ಅಂತ ಹೊರಗಿನ ಊರುಗಳ ಹುಡುಗರು ಬಂದು ರೂಮು ಮಾಡಿದರು. 2014ರಲ್ಲಿ ಅಕ್ಕ ಎರಡು ಕೋಣೆ ಬಾಡಿಗೆಗೆ ಹಿಡಿದು ಮೆಸ್ಸು ಶುರು ಮಾಡಿದರು. ಗಂಡ ಲಗೇಜ್ ಆಟೊ ಓಡಿಸುತ್ತಿದ್ದರು. 2019ರ ಹೊತ್ತಿಗೆ 40 ಹುಡುಗರು, ಇಬ್ಬರು ಕೆಲಸದವರು.

ಮೆಸ್ಸು ಚೆನ್ನಾಗಿ ನಡೆಯುತ್ತಿದೆ ಅಂದರೆ ಜನ ನಂಬುತ್ತಾರೆ. ನಂಬಿದರೆ ಚೀಟಿ ಶುರುವಾಗುತ್ತೆ. ನಮ್ಮ ಕಡೆ ಇದು ಹೊಸದೇನಲ್ಲ. 2019ರ ಸೆಪ್ಟೆಂಬರಿನಲ್ಲಿ ಅಕ್ಕ 20 ಹೆಂಗಸರ ಒಂದು ಚೀಟಿ ಹಾಕಿದರು. ತಿಂಗಳಿಗೆ ತಲಾ 2,000, ಒಟ್ಟು 20 ತಿಂಗಳು, ಎತ್ತಿದವರಿಗೆ 40,000. ಹೆಚ್ಚಿನವರು ನಮ್ಮ ಧರ್ಮಕೇಂದ್ರದವರೇ. ಮೊದಲ ಚೀಟಿ ರೂಢಿಯಂತೆ ನಡೆಸುವವರಿಗೆ, ಅಂದರೆ ಅಕ್ಕನಿಗೆ. ಬರೀ ಬಾಯಿಮಾತಿನ ವ್ಯವಹಾರ. ರಸೀದಿ ಇಲ್ಲ, ಒಂದು ಸಣ್ಣ ನೋಟುಬುಕ್ಕು ಅಷ್ಟೇ. 1982ರ ಚಿಟ್ ಫಂಡ್ ಕಾಯ್ದೆ ಇರುವಾಗ ನೋಂದಣಿ ಇಲ್ಲದೆ ಹೀಗೆ ಚೀಟಿ ನಡೆಸಬಾರದು. ನಮ್ಮಲ್ಲಿ ಯಾರೂ ಆಗ ಆ ಮಾತು ಎತ್ತಲಿಲ್ಲ. ನನ್ನ ಹೆಂಡತಿಯೂ ಸದಸ್ಯೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಹುಡುಗರು ಊರಿಗೆ ಹೋದರು. ಹೋಗುವಾಗ ಬಾಕಿ ಕೊಟ್ಟವರು ಕಮ್ಮಿ. ಬಾಡಿಗೆ ನಿಲ್ಲಲಿಲ್ಲ, ಕಿರಾಣಿ ಅಂಗಡಿ ಬಾಕಿ ನಿಲ್ಲಲಿಲ್ಲ. ಕೆಲಸದ ಇಬ್ಬರನ್ನು ಬಿಡಿಸಲು ಅಕ್ಕನಿಗೆ ಮನಸ್ಸಾಗಲಿಲ್ಲ. ಕಿರುಸಾಲ ಸಂಸ್ಥೆಯೊಂದರಲ್ಲಿ 60,000 ಸಾಲ ಬೇರೆ. ರಿಸರ್ವ್ ಬ್ಯಾಂಕು ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು.

ಮಾರ್ಚ್‌ವರೆಗೆ ಏಳು ಜನ ಚೀಟಿ ಎತ್ತಿದ್ದರು. ಲಾಕ್‌ಡೌನ್ ಅಂತ ಹೇಳಿ ಅವರು ಕಟ್ಟುವುದು ನಿಲ್ಲಿಸಿದರು. ಇನ್ನೂ ಎತ್ತದ 13 ಜನರಲ್ಲಿ ಏಪ್ರಿಲಿಗೆ 11 ಜನ, ಮೇಗೆ 9 ಜನ, ಜೂನಿಗೆ 6 ಜನ ಕಟ್ಟಿದರು. ನಿಯತ್ತಿನವರು ಅವರು. ಆ 52,000 ರೂಪಾಯಿಯನ್ನು ಅಕ್ಕ ಮೆಸ್ಸಿನ ಬಾಡಿಗೆಗೆ, ಸಂಬಳಕ್ಕೆ, ಕಿರಾಣಿಗೆ ಹಾಕಿದರು. "ಕಾಲೇಜು ತೆರೆದ ತಕ್ಷಣ ತುಂಬಿಬಿಡ್ತೀನಿ ಅಂದ್ಕೊಂಡಿದ್ದೆ" ಅಂತ ಆಮೇಲೆ ಹೇಳಿದರು. ಕಾಲೇಜು ತೆರೆಯಲಿಲ್ಲ. ಆಗಸ್ಟಿನಲ್ಲಿ ಮೆಸ್ಸು ಖಾಲಿ ಮಾಡಿದರು.

ಒಂದು ಸುಳ್ಳು

ಇಷ್ಟೇ ಆಗಿದ್ದರೆ ಇದು ಆ ವರ್ಷ ಮುಳುಗಿದ ನೂರಾರು ಸಣ್ಣ ವ್ಯಾಪಾರಗಳ ಪೈಕಿ ಒಂದಾಗುತ್ತಿತ್ತು.

ಜೂನ್ 8ರ ನಂತರ ಪ್ರಾರ್ಥನಾ ಸ್ಥಳಗಳನ್ನು ತೆರೆಯಲು ಅನುಮತಿ ಸಿಕ್ಕಿತ್ತು. ಆಗಸ್ಟಿನ ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಅಂಗಳದಲ್ಲಿ ಆರೇಳು ಹೆಂಗಸರು ಅಕ್ಕನನ್ನು ಸುತ್ತುವರಿದರು. ಅವರಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದರು, ವಿಧವೆ. ಮೊಮ್ಮಗಳ ಫೀಸಿಗೆ ಅಂತ ಚೀಟಿ ಕಟ್ಟುತ್ತಿದ್ದವರು. "ಜೂನಿಂದೂ ಕೊಟ್ಟೀನಲ್ಲವ್ವ" ಅಂದರು ಅಜ್ಜಿ. ಅಕ್ಕ ಎಲ್ಲರ ಮುಂದೆ, "ಇಲ್ಲಜ್ಜಿ, ಜೂನಿಂದು ನೀವು ಕೊಟ್ಟಿಲ್ಲ" ಅಂದುಬಿಟ್ಟರು.

ಕೊಟ್ಟಿದ್ದರು. ಸೆರಗಿನ ಗಂಟು ಬಿಚ್ಚಿ ಕೊಟ್ಟ ನಾಲ್ಕು ಐನೂರರ ನೋಟು. ಬೆವರಿಗೆ ಮೆತ್ತಗಾಗಿದ್ದವು ಅನ್ನುವುದೂ ಅಕ್ಕನಿಗೆ ನೆನಪಿದೆ. ಯಾಕೆ ಹಾಗಂದೆ ಅಂತ ಅವರಿಗೇ ಗೊತ್ತಿಲ್ಲ. ಸುತ್ತ ನಿಂತವರಲ್ಲಿ ಒಬ್ಬರ ಲೆಕ್ಕವಾದರೂ ಕಮ್ಮಿ ಆಗಲಿ ಅಂತ ಇರಬಹುದು. ಅಜ್ಜಿ ಮರುಮಾತಾಡಲಿಲ್ಲ. ಮಾಸ್ಕು ಸರಿಮಾಡಿಕೊಂಡು ಹೋದರು. ನಾನು ಅಲ್ಲೇ ಗೇಟಿನ ಹತ್ತಿರ ನಿಂತಿದ್ದೆ. ಅಜ್ಜಿಗೇ ಮರೆವು ಇರಬೇಕು ಅಂದುಕೊಂಡೆ.

ಆವತ್ತಿನಿಂದ ಅಕ್ಕ ಚರ್ಚಿಗೆ ಬರುವುದನ್ನು ಬಿಟ್ಟರು.

ಮೊದಲು ಮಾಡಿದ್ದೆಲ್ಲ ಕೈಕೊಟ್ಟಿತು

ನಾನು ಮಾಡಿದ ಮೊದಲ ಕೆಲಸ ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಒಂದು ವಾಕ್ಯ ಕಳಿಸುವುದು. ಹೂವಿನ ಚಿತ್ರದ ಮೇಲೆ ಬರೆದಿರುತ್ತಾರಲ್ಲ, ಅಂಥವು. ಯೆರೆಮೀಯನ 29ನೇ ಅಧ್ಯಾಯದ 11ನೇ ವಾಕ್ಯವನ್ನಂತೂ ಮೂರು ಸಲ ಕಳಿಸಿದ್ದೆ. ನಿಮಗೆ ಒಳ್ಳೆಯ ಭವಿಷ್ಯ ಕೊಡುವುದೇ ನನ್ನ ಯೋಜನೆ ಅಂತ ದೇವರು ಹೇಳುವ ಮಾತು. ಅದು ಬಾಬಿಲೋನಿಗೆ ಸೆರೆ ಹೋದ ಜನಕ್ಕೆ ಬರೆದ ಪತ್ರ. ಅದರ ಹಿಂದಿನ ವಾಕ್ಯದಲ್ಲೇ, ಇನ್ನೂ 70 ವರ್ಷ ಅಲ್ಲೇ ಇರುತ್ತೀರಿ ಅಂತಿದೆ. ಆ ವಾಕ್ಯ ನಾನು ಕಳಿಸಿರಲಿಲ್ಲ. ಎರಡು ವಾರದ ನಂತರ ಅಕ್ಕ ನನ್ನ ನಂಬರ್ ಬ್ಲಾಕ್ ಮಾಡಿದರು. ನನಗೆ ಬೇಜಾರಾಯಿತು. ಸ್ವಲ್ಪ ಸಿಟ್ಟೂ ಬಂತು ಅನ್ನಿ.

ಆಮೇಲೆ ಯಾರೋ ಸಂಬಂಧಿಕರು ಅವರನ್ನು ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮಾತಾಡಿದವರು, ಕೈಯಲ್ಲಿರುವುದನ್ನು ನಂಬಿಕೆಯಿಂದ ದೇವರಿಗೆ ಬಿತ್ತಿದರೆ ನೂರರಷ್ಟು ಬರುತ್ತೆ ಅಂದರಂತೆ. ಅಕ್ಕ ಕಿವಿಯ ಓಲೆ ಬಿಚ್ಚಿಟ್ಟರು. ನೂರರಷ್ಟು ಏನೂ ಬರಲಿಲ್ಲ. ಬಂದದ್ದು ಇನ್ನೊಂದು ಯೋಚನೆ: ‘ನನ್ನ ನಂಬಿಕೆಯೇ ಸಾಲದು.’ ವ್ಯಾಪಾರದಲ್ಲಿ ಸೋತಿದ್ದವರು ಈಗ ವಿಶ್ವಾಸದಲ್ಲೂ ಸೋತೆ ಅಂತ ಅಂದುಕೊಂಡರು. ಬಿದ್ದವರಿಗೆ ಇದಕ್ಕಿಂತ ದೊಡ್ಡ ಹಾನಿ ಮಾಡುವ ಬೋಧನೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಒಪ್ಪದವರು ಇರಬಹುದು.

ಅನ್ನ, ನಿದ್ದೆ, ಆಮೇಲೆ ನೋಟುಬುಕ್ಕು

ಅಕ್ಟೋಬರಿನಲ್ಲಿ ಟೀಚರಮ್ಮ ನನ್ನನ್ನು ಎಬ್ಬಿಸಿಕೊಂಡು ಅಕ್ಕನ ಮನೆಗೆ ಹೊರಟರು. ದಾರಿಯಲ್ಲಿ ಒಂದೇ ಷರತ್ತು ಹಾಕಿದರು: "ಇವತ್ತು ನೀವು ಬಾಯಿ ಬಿಡಬಾರದು." ಚೀಲದಲ್ಲಿ ಒಂದು ಡಬ್ಬಿ ಅನ್ನ, ಒಂದು ಡಬ್ಬಿ ಸಾರು, ಮಜ್ಜಿಗೆ. ಬೈಬಲ್ ತಂದಿರಲಿಲ್ಲ.

ಅಕ್ಕ ಬಾಗಿಲು ತೆಗೆದರು. ಗುರುತು ಸಿಗದಷ್ಟು ಸೊರಗಿದ್ದರು. ಟೀಚರಮ್ಮ ಒಳಗೆ ಹೋಗಿ ತಟ್ಟೆ ಹುಡುಕಿ ಬಡಿಸಿ, ಉಣ್ಣುವವರೆಗೂ ಸುಮ್ನೆ ಕೂತರು. ಉಂಡಾದ ಮೇಲೆ ಅಕ್ಕ ಮೊದಲು ಹೇಳಿದ್ದು, "ನಿದ್ದೆ ಬಂದು ತಿಂಗಳಾಯ್ತು. ಬದುಕೋದೇ ಬೇಡ ಅನಿಸುತ್ತೆ ಟೀಚರ್."

ಆವತ್ತೇ ಮಧ್ಯಾಹ್ನ ಟೀಚರಮ್ಮ ಅವರನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಈ ಮಾತು ಕೇಳಿದ ಮೇಲೆ ಪ್ರಾರ್ಥನೆ ಹೇಳಿ ಎದ್ದು ಬರುವುದಲ್ಲ ಅನ್ನುವುದನ್ನು ನಾನು ಕಲಿತದ್ದು ಆಗ. ಈಗಾದರೆ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅದು ಬಂದದ್ದು 2022ರಲ್ಲಿ. ಮನೆ ಭೇಟಿಗೆ ಹೋಗುವವರು ಆ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡಿರಬೇಕು.

ವಾಪಸ್ ಬರುವಾಗ ಟೀಚರಮ್ಮ ಎಲೀಯನ ಕಥೆ ನೆನಪಿಸಿದರು. ಅರಸುಗಳ ಮೊದಲ ಗ್ರಂಥದ 19ನೇ ಅಧ್ಯಾಯ. ಅಷ್ಟು ದೊಡ್ಡ ಪ್ರವಾದಿ ಹೆದರಿ ಓಡಿಹೋಗಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ‘ಸಾಕು ದೇವರೇ, ಪ್ರಾಣ ತೆಗೆದುಕೋ’ ಅನ್ನುತ್ತಾನೆ. ದೇವದೂತ ಬಂದು ಬೋಧನೆ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ‘ದಾರಿ ದೂರ ಇದೆ, ನಿನ್ನಿಂದ ಆಗಲ್ಲ’ ಅಂತಾನೆ. ದೇವರು ಮಾತಾಡುವುದು ಅದಾಗಿ 40 ದಿನದ ಮೇಲೆ, ಹೋರೇಬ್ ಬೆಟ್ಟದಲ್ಲಿ. "ನೀವು ಮೊದಲನೇ ದಿನವೇ ಹೋರೇಬ್ ಹತ್ತಿಸೋಕೆ ಹೋಗಿದ್ರಿ" ಅಂದರು ನನಗೆ.

ಆರು ವಾರ ಹೀಗೇ ನಡೆಯಿತು. ಊಟ, ಮಾತ್ರೆ, ನಿದ್ದೆ. ಬೇರೇನೂ ಮಾಡಲಿಲ್ಲ. ನನಗೆ ಇದು ಸಮಯ ಹಾಳು ಅನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನವೆಂಬರ್ ಕೊನೆಗೆ ಟೀಚರಮ್ಮ ಒಂದು 200 ಪುಟದ ನೋಟುಬುಕ್ಕು ತಂದರು. ಅಕ್ಕನ ಹಳೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಮೂರು ಗಂಟೆ ಕೂತು ಲೆಕ್ಕ ಬರೆದರು. ಅಕ್ಕನ ತಲೆಯಲ್ಲಿ ಇದ್ದದ್ದು ಒಂದೇ ಅಂಕಿ: 2,34,000. ಅಷ್ಟನ್ನೂ ನಾನು ತಿಂದೆ ಅಂತ ಅವರು ನಂಬಿಬಿಟ್ಟಿದ್ದರು. ಟೀಚರಮ್ಮ ಅದನ್ನು ಒಡೆದು ತೋರಿಸಿದರು. ಎತ್ತದ 13 ಜನ ಮಾರ್ಚ್‌ವರೆಗೆ ಕಟ್ಟಿದ್ದು ತಲಾ 14,000, ಒಟ್ಟು 1,82,000. ಆಮೇಲೆ ಕಟ್ಟಿದ್ದು 52,000. ಕೂಡಿದರೆ 2,34,000, ಸರಿ. ಆದರೆ ಅಕ್ಕನನ್ನು ಬಿಟ್ಟು ಚೀಟಿ ಎತ್ತಿದ ಇನ್ನೂ ಆರು ಜನ ತಲಾ 26,000 ಕಟ್ಟಬೇಕಿತ್ತು. ಅದು 1,56,000. ಉಳಿದದ್ದು ಅಕ್ಕ ಎತ್ತಿದ ಚೀಟಿಯ ಬಾಕಿ 26,000, ಮತ್ತೆ ಮೆಸ್ಸಿಗೆ ಹಾಕಿದ 52,000. ಒಟ್ಟು 78,000.

ಟೀಚರಮ್ಮ 78,000ಕ್ಕೆ ಕೆಂಪು ಇಂಕಿನಲ್ಲಿ ಗೆರೆ ಹಾಕಿದರು. "ಚೀಟಿ ನಡೆಸಿದವಳು ಅಂತ ಎಲ್ಲದಕ್ಕೂ ಜವಾಬ್ದಾರಿ ನಿಂದೇ. ಆದ್ರೆ ನೀನು ಮಾಡಿದ ತಪ್ಪು ಇಷ್ಟು."

ಅಕ್ಕ ಆ ಪುಟವನ್ನು ತುಂಬಾ ಹೊತ್ತು ನೋಡುತ್ತಾ ಕೂತರು. ನಾಚಿಕೆಯಲ್ಲಿ ಎಲ್ಲಾ ಲೆಕ್ಕ ಒಂದೇ ಗುಡ್ಡೆಯಾಗಿಬಿಡುತ್ತೆ. ತನ್ನದು, ಬೇರೆಯವರದು, ಕಾಲದ್ದು, ಯಾವುದೂ ಬಿಡಿಸಿ ಕಾಣಲ್ಲ. ಗುಡ್ಡೆ ಒಡೆದ ಮೇಲೆ ಪೂರ್ತಿ ತನ್ನದೇ ಅಂತ ಒಂದು ಉಳಿಯಿತು. ಅದಕ್ಕೆ ಕೆಂಪು ಗೆರೆಯೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಅಕ್ಕ ಅಲ್ಲೇ ಮೊದಲ ಸಲ ಬಾಯಿ ಬಿಟ್ಟರು. "ಅಜ್ಜಿ ಜೂನಿಂದು ಕೊಟ್ಟಿದ್ರು ಟೀಚರ್."

ಹರಿಹರ ಮತ್ತು ಮೂರು ಬೀದಿ

ಡಿಸೆಂಬರ್, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ. ಅಕ್ಕ ಒಂದು ಹರಕೆ ಹೊತ್ತರು. ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಬರಿಗಾಲಲ್ಲಿ ನಡೆದು ಹೋಗುತ್ತೇನೆ ಅಂತ. ನಮ್ಮ ಕಡೆಯವರಿಗೆ ಅದೇನು ಹೊಸದಲ್ಲ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲಾ ಜಾತಿಯ ಜನರೂ ಅಲ್ಲಿಗೆ ಹೋಗುತ್ತಾರೆ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್. ಹೊರಡುವ ಮೊದಲು ಪಾಪನಿವೇದನೆ, ಅಂದರೆ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದು, ಮಾಡಿಕೊಳ್ಳೋಣ ಅಂತ ಹೋದರು. ನಾಲ್ಕು ತಿಂಗಳಾದ ಮೇಲೆ ಚರ್ಚಿನ ಮೆಟ್ಟಿಲು ಹತ್ತಿದ್ದು ಆವತ್ತೇ. ಜನ ಇಲ್ಲದ ಬುಧವಾರ ಮಧ್ಯಾಹ್ನ ನೋಡಿಕೊಂಡು ಹೋಗಿದ್ದರು.

ಪಾಪನಿವೇದನೆಯಲ್ಲಿ ಏನು ನಡೆಯಿತು ಅಂತ ಗುರುಗಳು ಹೇಳುವ ಹಾಗಿಲ್ಲ, ಹೇಳಲೂ ಇಲ್ಲ. ಇದು ಅಕ್ಕ ತಾವೇ ಹೇಳಿದ್ದು. ಎಲ್ಲಾ ಕೇಳಿಸಿಕೊಂಡು ಫಾದರ್ ಒಂದು ಪ್ರಶ್ನೆ ಕೇಳಿದರಂತೆ.

"ಹರಿಹರ 14 ಕಿಲೋಮೀಟರ್ ಅಲ್ವಾ ಅಮ್ಮ? ಆ ಅಜ್ಜಿ ಮನೆ ಎಷ್ಟು ದೂರ?"

"ಮೂರು ಬೀದಿ ಆಚೆ ಫಾದರ್."

"ಮೊದಲು ಅಲ್ಲಿಗೆ ನಡೀರಿ."

ಮತ್ತಾಯನ 5ನೇ ಅಧ್ಯಾಯದಲ್ಲಿ ಇದೇ ಮಾತಿದೆ. ಬಲಿಪೀಠದ ಮುಂದೆ ಕಾಣಿಕೆ ಇಡುವಾಗ ನಿನ್ನ ಮೇಲೆ ಯಾರಿಗೋ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗು. ನಾನು ಆ ವಾಕ್ಯವನ್ನು ನೂರು ಸಲ ಓದಿದ್ದೇನೆ. ಇಷ್ಟು ಗಟ್ಟಿಯಾಗಿ ಕೇಳಿಸಿರಲಿಲ್ಲ. ಇಡೀ ಪ್ರಕರಣದ ಮೊದಲ ತಿರುವು ಇದೇ ಅಂತ ನನ್ನ ಲೆಕ್ಕ. ಹರಿಹರಕ್ಕೆ ನಡೆದಿದ್ದರೆ ಕಾಲು ನೋಯುತ್ತಿತ್ತು, ಮನಸ್ಸಿಗೆ ಹಗುರಾಗುತ್ತಿತ್ತು. ಅಜ್ಜಿಯ ಲೆಕ್ಕ ಮಾತ್ರ ಹಾಗೇ ಇರುತ್ತಿತ್ತು.

ಮೂರು ಬೀದಿ ದಾಟಲು ಅಕ್ಕನಿಗೆ ಒಂಬತ್ತು ದಿನ ಬೇಕಾಯಿತು. ಎರಡು ಸಲ ಅಜ್ಜಿ ಮನೆ ಮೂಲೆವರೆಗೆ ಹೋಗಿ ವಾಪಸ್ ಬಂದರು. ಕೊನೆಗೆ ಗಂಡನ ಎರಡು ದಿನದ ಬಾಡಿಗೆ ದುಡ್ಡು, ನಾಲ್ಕು ಐನೂರರ ನೋಟು, ಹಿಡಿದುಕೊಂಡು ಹೋದರು. ಅಜ್ಜಿ ಹೊಸಲಿನಲ್ಲಿ ಕೂತು ಮೆಂತ್ಯ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ನೋಟು ತೆಗೆದುಕೊಂಡು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ತಲೆ ಎತ್ತದೆ ಕೇಳಿದರು:

"ದುಡ್ಡು ಬಂತು. ಮಂದಿ ಮುಂದೆ ನನ್ನ ಸುಳ್ಳಿ ಮಾಡಿದ್ಯಲ್ಲ, ಅದನ್ನ ಯಾವಾಗ ವಾಪಸ್ ಕೊಡ್ತಿ?"

ಸಭೆ

2021ರ ಜನವರಿಯಲ್ಲಿ ಧರ್ಮಕೇಂದ್ರದ ಹಾಲಿನಲ್ಲಿ ಚೀಟಿಯ ಹೆಂಗಸರನ್ನು ಕೂಡಿಸಿದೆವು. 13ರಲ್ಲಿ 9 ಜನ ಬಂದರು, ಎತ್ತಿದ ಆರರಲ್ಲಿ ಮೂವರು. ಅಕ್ಕ ಒಂದು ಹಾಳೆ ತುಂಬ ಮಾತು ಬರೆದುಕೊಂಡು ಬಂದಿದ್ದರು. ನಿಂತ ಮೇಲೆ ಹಾಳೆ ನಡುಗಿ ಓದಲಾಗಲಿಲ್ಲ. ಎರಡೇ ಮಾತು ಹೇಳಿದರು. "ಜೂನ್ ತಿಂಗಳಿಂದು ಅಜ್ಜಿ ಕೊಟ್ಟಿದ್ರು. ಚರ್ಚ್ ಮುಂದೆ ನಾನು ಸುಳ್ಳು ಹೇಳಿದೆ."

ಚಪ್ಪಾಳೆ, ಕಣ್ಣೀರು ಅಂತೇನೂ ಆಗಲಿಲ್ಲ. ಒಬ್ಬರು ಬೈದರು, ಚೆನ್ನಾಗಿಯೇ ಬೈದರು. ಇನ್ನೊಬ್ಬರು ಪೊಲೀಸ್ ಕಂಪ್ಲೇಂಟು ಕೊಡುವ ಮಾತಾಡಿದರು. ಆ ಹಕ್ಕು ಅವರಿಗಿದೆ, ನಾವು ತಡೆಯುವುದಿಲ್ಲ ಅಂತ ಟೀಚರಮ್ಮ ಮೊದಲೇ ಹೇಳಿದ್ದರು. ಅದು ಸರಿಯಾದ ತೀರ್ಮಾನ. ಕ್ಷಮಿಸಿ ಅಂತ ನಾವು ಒತ್ತಾಯ ಮಾಡಿದ್ದರೆ ಆ ಸಭೆ ಅಲ್ಲೇ ಮುರಿಯುತ್ತಿತ್ತು. ಗಲಾಟೆ ಒಂದು ಹಂತಕ್ಕೆ ಬಂದಾಗ ಹಿಂದಿನ ಬೆಂಚಿನಿಂದ ಅಜ್ಜಿ, "ಆತು ಬಿಡ್ರಿ, ಹೇಳಿದ್ಲಲ್ಲ. ನೀ ಕುಂದ್ರವ್ವ" ಅಂದರು.

ತಿಂಗಳಿಗೆ 2,500 ತೀರಿಸುವುದು, ಹೆಚ್ಚು ಕಷ್ಟದಲ್ಲಿರುವವರಿಗೆ ಮೊದಲು ಕೊಡುವುದು ಅಂತ ನಿಶ್ಚಯವಾಯಿತು. ಎತ್ತಿದ ಆರರಲ್ಲಿ ನಾಲ್ವರು ಕಟ್ಟಲು ಒಪ್ಪಿದರು. ಇಬ್ಬರು ಕೊನೆಗೂ ಒಪ್ಪಲಿಲ್ಲ.

ಆದರೆ ಆ 2,500 ಎಲ್ಲಿಂದ ಬರಬೇಕು? ಅಕ್ಕನ ಕೈಯಲ್ಲಿ ಕೆಲಸವೇ ಇರಲಿಲ್ಲ. ಮೆಸ್ಸು ಅಂದರೆ ಸಾಕು, ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೂ ದಾರಿ ತೋರಿಸಿದ್ದು ಅಜ್ಜಿಯೇ. ಒಂದು ದಿನ ಸೊಪ್ಪು ಕೊಡುವ ನೆಪದಲ್ಲಿ ಬಂದು, "ರೊಟ್ಟಿ ಬಡಿಯಾಕೆ ಬರ್ತೈತಾ?" ಅಂತ ಕೇಳಿದರು. ಸೊಪ್ಪು ತೆಗೆದುಕೊಳ್ಳುವ ಒಂದು ಖಾನಾವಳಿಯವರಿಗೆ ದಿನಕ್ಕೆ 80 ರೊಟ್ಟಿ ಬೇಕಿತ್ತಂತೆ, ಒಂದಕ್ಕೆ 6 ರೂಪಾಯಿ.

40 ಹುಡುಗರಿಗೆ ಬೇಯಿಸಿ ಹಾಕಿದ ಅಕ್ಕ ಮೊದಲ ದಿನ ಅಜ್ಜಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟಲಾಗದೆ ಒದ್ದಾಡಿದರು. ಮಣೆ ಮೇಲೆ ಅಂಗೈ ಅಗಲ ಆಗುವಷ್ಟರಲ್ಲಿ ಅಂಚು ಸೀಳುತ್ತಿತ್ತು. ಕೂಡಿಸಿ ತಟ್ಟಿದರೆ ಇನ್ನೊಂದು ಕಡೆ ಸೀಳು. ಅಜ್ಜಿ ಹಿಟ್ಟು ಚಿವುಟಿ ನೋಡಿ, "ಹಿಟ್ಟು ಹಳೇದು, ಜಿಗಿ ಇಲ್ಲ. ನಿನ್ನ ಕೈ ತಪ್ಪಲ್ಲ. ಎಸರು ಇನ್ನೂ ಕುದಿಸು, ಬಿಸಿ ಇದ್ದಾಗ್ಲೇ ನಾದು" ಅಂದರು. ಆ ದಿನ 80ಕ್ಕೆ 31 ಆದವು. ಉಳಿದದ್ದನ್ನು ಅಜ್ಜಿಯೇ ಬಡಿದರು.

ಎರಡನೇ ಸಲ

ಮಾರ್ಚ್, ಏಪ್ರಿಲ್ ಎರಡು ಕಂತು ಹೋದವು. ಮೇ ಮೊದಲ ವಾರದ ಒಂದು ಮದುವೆಗೆ 600 ಖಡಕ್ ರೊಟ್ಟಿಯ ಆರ್ಡರ್ ಬಂತು. ಅಕ್ಕ ಒಂದು ಕ್ವಿಂಟಲ್ ಜೋಳ ತಂದು ಅರ್ಧ ಬೀಸಿಸಿದರು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯಕ್ಕೆಲ್ಲ ಮತ್ತೆ ಬೀಗ ಬಿತ್ತು. ಖಾನಾವಳಿ ಮುಚ್ಚಿತು, ಮದುವೆ ಆರ್ಡರ್ ಹೋಯಿತು, ಗಂಡನ ಆಟೊ ನಿಂತಿತು. ಅದೇ ಚಿತ್ರ, ಅದೇ ಬಣ್ಣ.

ನಾನು ಈ ಪ್ರಕರಣ ಬರೆಯಲು ಹೊರಟದ್ದೇ ಈ ವಾರದ ಸಲುವಾಗಿ. ಹೊರಗಿನಿಂದ ನೋಡಿದರೆ ಮೊದಲನೇ ಸೋಲಿಗೂ ಎರಡನೆಯದಕ್ಕೂ ವ್ಯತ್ಯಾಸ ಕಾಣುವುದಿಲ್ಲ. 2020ರಲ್ಲಿ ಅಕ್ಕ ಐದು ತಿಂಗಳು ಬಚ್ಚಿಟ್ಟರು. ಈ ಸಲ ಅದೇ ಸಂಜೆ ಟೀಚರಮ್ಮನಿಗೆ ಫೋನು ಮಾಡಿ, "ಮತ್ತೆ ಬಿತ್ತು ಟೀಚರ್" ಅಂದರು. ಮರುದಿನ 13 ಜನರಿಗೂ ಒಬ್ಬೊಬ್ಬರಿಗೆ ಫೋನು ಮಾಡಿ, ಇನ್ನು ನಾಲ್ಕು ತಿಂಗಳು ಕಂತು ಕೊಡಲು ಆಗಲ್ಲ ಅಂತ ತಿಳಿಸಿದರು. ಬೈಸಿಕೊಂಡರು. ಫೋನಿಟ್ಟು ಮುಂದಿನ ನಂಬರ್ ಒತ್ತಿದರು.

ಬೀಸಿಸಿದ ಹಿಟ್ಟು ತಿಂಗಳಲ್ಲಿ ಕೆಡುತ್ತೆ, ಖಡಕ್ ರೊಟ್ಟಿಯಾದರೆ ಬಹಳ ದಿನ ಇರುತ್ತೆ. ಅಕ್ಕನೂ ಅಜ್ಜಿಯೂ ಸೇರಿ ಅಷ್ಟೂ ಹಿಟ್ಟನ್ನು ಬಡಿದು ಒಣಗಿಸಿ ಬಟ್ಟೆಯಲ್ಲಿ ಸುತ್ತಿ ಇಟ್ಟರು. ಬೀದಿಯಲ್ಲಿ ಬೇಕಾದವರಿಗೆ ಕೊಟ್ಟರು, ಕೆಲವರಿಗೆ ದುಡ್ಡಿಗೆ, ಕೆಲವರಿಗೆ ಸುಮ್ನೆ.

ಈ ಧೈರ್ಯ ಎಲ್ಲಿಂದ ಬಂತು ಅಂತ ಕೇಳಿದ್ದೆ. ಅಕ್ಕ ನೇರವಾಗಿ ಉತ್ತರ ಕೊಡಲಿಲ್ಲ. "ಮೊದಲು ‘ನನ್ನ ಎತ್ತು ದೇವರೇ’ ಅಂತ ಕೇಳ್ತಿದ್ದೆ. ಈಗ ‘ಇವತ್ತಿನ ಎಂಬತ್ತು ಕೊಡಪ್ಪ’ ಅಂತೀನಿ ಅಷ್ಟೇ" ಅಂತ ನಕ್ಕರು. ಪರಲೋಕದಲ್ಲಿರುವ ನಮ್ಮ ತಂದೆಯೇ ಅನ್ನುವ ಪ್ರಾರ್ಥನೆಯಲ್ಲೂ ಕೇಳುವುದು ಅನುದಿನದ ಆಹಾರ, ಆ ದಿನದ್ದು ಮಾತ್ರ. ಇನ್ನೊಂದು ಸಲ ಹೇಳಿದರು, "ಎಲ್ಲರಿಗೂ ಗೊತ್ತಾಗಿಬಿಟ್ಟಿದೆಯಲ್ಲ, ಇನ್ನು ಬಚ್ಚಿಡೋಕೆ ಏನೂ ಇಲ್ಲ. ಅದೇ ಒಂದು ಶಕ್ತಿ." ನನಗೆ ಈ ಎರಡನೇ ಉತ್ತರವೇ ಹೆಚ್ಚು ಹಿಡಿಸಿತು. ವಿಶ್ವಾಸ ಅಂದರೆ ಮತ್ತೆ ಸೋಲುವುದಿಲ್ಲ ಅನ್ನುವ ಭರವಸೆ ಅಂತ ನಾನು ಅಂದುಕೊಂಡಿದ್ದೆ. ಅಕ್ಕನ ವಿಷಯದಲ್ಲಿ ಅದು, ಸೋತದ್ದು ಗೊತ್ತಿದ್ದೂ ಹೆಸರು ಹಿಡಿದು ಕರೆಯುವವರು ಇದ್ದಾರೆ ಅನ್ನುವ ಅನುಭವ. ಆ ಕರೆ ಅವರಿಗೆ ದೇವರಿಂದಲೇ ಬಂದದ್ದು. ಆದರೆ ಬಂದದ್ದು ಟೀಚರಮ್ಮನ ಡಬ್ಬಿಯಲ್ಲಿ, ಅಜ್ಜಿಯ ರೊಟ್ಟಿ ಮಣೆ ಮೇಲೆ.

ಮೇ 1

2022ರ ಮೇ 1, ಪಾಸ್ಖ (ಈಸ್ಟರ್) ಕಾಲದ ಮೂರನೇ ಭಾನುವಾರ. ಆ ದಿನದ ಮೊದಲ ವಾಚನ ಓದಲು ಫಾದರ್ ಅಕ್ಕನನ್ನು ಕರೆದರು. ನಾನು ಬೇಡ ಅಂದಿದ್ದೆ, ಇನ್ನೂ ದುಡ್ಡು ಬರಬೇಕಾದವರು ಕೂತಿರುತ್ತಾರೆ ಅಂತ. ಅಕ್ಕ ಪೀಠದ ಹತ್ತಿರ ಹೋದಾಗ ಇಬ್ಬರು ಎದ್ದು ಹೊರಗೆ ಹೋದರು.

ವಾಚನ ಪ್ರೇಷಿತರ ಕಾರ್ಯಕಲಾಪಗಳ 5ನೇ ಅಧ್ಯಾಯದ್ದು. ಯೇಸುವಿನ ಶಿಷ್ಯ ಪೇತ್ರ ನ್ಯಾಯಸಭೆಯ ಎದುರು ನಿಂತು ಹೆದರದೆ ಮಾತಾಡುವ ಭಾಗ. ಆಮೇಲೆ ಫಾದರ್ ಓದಿದ ಶುಭಸಂದೇಶ ಯೊವಾನ್ನನ 21ನೇ ಅಧ್ಯಾಯ. ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಗದ ಪೇತ್ರ, ದಡದಲ್ಲಿ ಕೆಂಡ, ಕೆಂಡದ ಮೇಲೆ ಮೀನು, ರೊಟ್ಟಿ. ಯೇಸುಸ್ವಾಮಿ ಮೊದಲು ತಿನ್ನಿಸುತ್ತಾರೆ, ಆಮೇಲೆ ಕೇಳುತ್ತಾರೆ, ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ, ಮೂರು ಸಲ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಅವನು ಅಲ್ಲಗಳೆದದ್ದೂ ಮೂರು ಸಲ. ಗ್ರೀಕ್ ಮೂಲದಲ್ಲಿ ಆ ಕೆಂಡಕ್ಕಿರುವ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತೆ ಅಂತ ಫಾದರ್ ಪ್ರಬೋಧನೆಯಲ್ಲಿ ಹೇಳಿದರು. ಒಂದು ಇಲ್ಲಿ. ಇನ್ನೊಂದು 18ನೇ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ‘ನಾನು ಅವನ ಶಿಷ್ಯನಲ್ಲ’ ಅಂದ ಕೆಂಡ.

ಅಕ್ಕ ತಲೆ ತಗ್ಗಿಸಿ ಕೂತಿದ್ದರು. ಅಜ್ಜಿ ಎರಡು ಸಾಲು ಹಿಂದೆ ತೂಕಡಿಸುತ್ತಿದ್ದರು.

ಎದ್ದು ಹೋದ ಇಬ್ಬರ ಬಗ್ಗೆ ನನಗೆ ಸಿಟ್ಟು ಬಂದಿತ್ತು. ಟೀಚರಮ್ಮ ಒಪ್ಪಲಿಲ್ಲ. ಅವರು ಮಾರ್ಕನ ಕಥೆ ತೆಗೆದರು. ಶುಭಸಂದೇಶ ಸಾರುವ ಪ್ರಯಾಣವನ್ನು ಪಂಫೀಲಿಯದಲ್ಲಿ ಅರ್ಧಕ್ಕೆ ಬಿಟ್ಟು ಹೋದವನನ್ನು ಮತ್ತೆ ಸೇರಿಸಿಕೊಳ್ಳಲು ಪೌಲ ಒಪ್ಪಲಿಲ್ಲ. ಪೌಲನ ಜೊತೆಗಾರ ಬಾರ್ನಬ ಅವನನ್ನು ಕರೆದುಕೊಂಡು ಹೋದ. ಅದೇ ಜಗಳಕ್ಕೆ ಇಬ್ಬರೂ ಬೇರೆಯಾದರು. ವರ್ಷಗಳಾದ ಮೇಲೆ ತಿಮೊಥೇಯನಿಗೆ ಬರೆದ ಪತ್ರದಲ್ಲಿ ಪೌಲನೇ ಮಾರ್ಕನನ್ನು ಕರೆದುಕೊಂಡು ಬಾ, ನನಗೆ ಉಪಯೋಗವಾಗುತ್ತಾನೆ ಅಂತಾನೆ. "ಪೌಲನಿಗೇ ಅಷ್ಟು ವರ್ಷ ಬೇಕಾಯ್ತು. ಇವರಿಗೆ ನೀವು ಎರಡು ವರ್ಷ ಕೊಡಲ್ವಾ?" ಬಿದ್ದವರ ಜೊತೆ ನಿಲ್ಲುವ ಹುರುಪಿನಲ್ಲಿ ನಾವು ಮೋಸ ಹೋದವರನ್ನು ಕಟುಕರ ಹಾಗೆ ನೋಡಿಬಿಡುತ್ತೇವೆ. ಈ ಪ್ರಕರಣದಲ್ಲಿ ನಾನು ಇದನ್ನು ಎರಡು ಮೂರು ಸಲ ಮಾಡಿದ್ದೇನೆ.

ಲೆಕ್ಕ ಎಲ್ಲಿಗೆ ಬಂತು

2021ರ ಸೆಪ್ಟೆಂಬರಿನಿಂದ ಕಂತು ಮತ್ತೆ ಶುರುವಾಗಿ, 78,000 ತೀರಿದ್ದು 2024ರ ಫೆಬ್ರವರಿಯಲ್ಲಿ, 32ನೇ ಕಂತಿಗೆ. ಕಿರುಸಾಲ ಅದಕ್ಕಿಂತ ಮೊದಲೇ ಮುಗಿದಿತ್ತು. ವಸೂಲಿಯವರು ಮನೆ ಮುಂದೆ ಕೂತ ದಿನಗಳೂ ಇದ್ದವು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಕಾನೂನು ತಂದದ್ದು 2025ರಲ್ಲಿ, ಅಕ್ಕನಿಗೆ ಅದು ಸಿಗಲಿಲ್ಲ. ಈಗ ದಿನಕ್ಕೆ 200 ರೊಟ್ಟಿ, ಸಹಾಯಕ್ಕೆ ಒಬ್ಬ ಹೆಂಗಸು. ಮೆಸ್ಸು ಮತ್ತೆ ತೆರೆಯಲಿಲ್ಲ, ತೆರೆಯುವ ಆಸೆಯೂ ಇಲ್ಲ. ಹಳೆಯ ಜಾಗಕ್ಕೆ ವಾಪಸ್ ಬರಲಿಲ್ಲ ಅಂತ ಯಾರಾದರೂ ಇದನ್ನು ಅರ್ಧ ಗೆಲುವು ಅಂದರೆ ನಾನು ವಾದ ಮಾಡಲ್ಲ.

ಕಟ್ಟಲು ಒಪ್ಪದ ಇಬ್ಬರ 52,000 ಹಾಗೇ ಉಳಿದಿತ್ತು. ಅದನ್ನೂ ತಾನೇ ತೀರಿಸುತ್ತೇನೆ ಅಂತ ಅಕ್ಕ ಹೊರಟರು, ತಿಂಗಳಿಗೆ 2,000. ನನಗೂ ಟೀಚರಮ್ಮನಿಗೂ ಇದರ ಬಗ್ಗೆ ಇವತ್ತಿಗೂ ಒಮ್ಮತ ಇಲ್ಲ. ಬೇರೆಯವರ ತಪ್ಪನ್ನು ಮತ್ತೆ ಗುಡ್ಡೆಗೆ ಸೇರಿಸಿಕೊಳ್ಳುತ್ತಿದ್ದಾರೆ ಅನ್ನುವುದು ನನ್ನ ಭಯ. ಚೀಟಿ ನಡೆಸಿದವಳ ಮಾತು ಅದು, ಉಳಿಸಿಕೊಳ್ಳಲಿ ಅನ್ನುತ್ತಾರೆ ಟೀಚರಮ್ಮ.

13 ಜನರಲ್ಲಿ ಒಬ್ಬರು ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ. ಸಭೆಗೆ ಬಂದಿರಲಿಲ್ಲ. ಮನೆಗೆ ಹೋದರೆ ಬಾಗಿಲು ತೆಗೆಯುವುದಿಲ್ಲ. ನಮ್ಮ ಚರ್ಚನ್ನೇ ಬಿಟ್ಟು ಬೇರೆ ಕಡೆ ಹೋಗುತ್ತಿದ್ದಾರೆ. ಅವರ ಪಾಲಿನ ದುಡ್ಡನ್ನು ಅಕ್ಕ ಅಂಚೆ ಕಚೇರಿಯ ಆರ್‌ಡಿಯಲ್ಲಿ ಕಟ್ಟುತ್ತಾ ಬಂದಿದ್ದಾರೆ. ನೋಟುಬುಕ್ಕು ಈಗಲೂ ಟೀಚರಮ್ಮನ ಹತ್ತಿರವೇ ಇದೆ. ಪ್ರತಿ ತಿಂಗಳು ಮೊದಲ ಶನಿವಾರ ಅಕ್ಕ ರೊಟ್ಟಿ ಹಿಟ್ಟು ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಬರುತ್ತಾರೆ. ಆ ಹೆಸರಿನ ಸಾಲಿನಲ್ಲಿ ತಾರೀಕು ಬರೆಸಿ, ಪಾಸ್‌ಬುಕ್ ತೋರಿಸಿ, ಚಹಾ ಕುಡಿದು ಹೋಗುತ್ತಾರೆ.